ತೀರ್ಪಿನ ಮಾತು, ಕೇಳುವ ಕಿವಿ

(ಮಲೆನಾಡಿನ ಹಳ್ಳಿಗರು ಹಾಗೂ ಕಾಲೇಜು ವಿದ್ಯಾರ್ಥಿಗಳಿಗಾಗಿ ಏರ್ಪಡಿಸಿದ್ದ ಪರಿಸರ ಶಿಬಿರದಲ್ಲಿ ಕೃಷಿ ವಿಜ್ಞಾನಿಯೊಬ್ಬರು ನೀಡಿದ ಉಪನ್ಯಾಸದ ಬರಹರೂಪ)



ಪರಿಸರ ಶಿಬಿರವೆಂದರೆ ಕಾಡು, ನೀರು, ಮಣ್ಣು, ಬೀಜಗಳನ್ನು ಕುರಿತು ಮಾತನಾಡುವುದು ರೂಢಿ. ನಾನು ಇಂದು ಆಯ್ದುಕೊಂಡ ವಿಷಯ ಇವುಗಳಲ್ಲಿ ಯಾವುದೂ ಅಲ್ಲ. ಇವುಗಳನ್ನು ಕುರಿತು ನಾವು ಒಬ್ಬರೊಡನೊಬ್ಬರು ಹೇಗೆ ಮಾತನಾಡುತ್ತೇವೆ ಎಂಬುದೇ ನನ್ನ ವಿಷಯ. ಕಾಡು ಕುಸಿಯುತ್ತಿರುವಾಗ ಭಾಷೆಯ ಪಾಠವೇಕೆ ಎಂದು ತಾವು ಕೇಳಬಹುದು. ಪಶ್ಚಿಮಘಟ್ಟವನ್ನು ಕುರಿತು ನಮ್ಮ ಕೈಯಲ್ಲಿ ಇಂದು ಸಾಕಷ್ಟು ವಿಜ್ಞಾನವಿದೆ. ಇಲ್ಲದಿರುವುದು, ಆ ವಿಜ್ಞಾನವನ್ನು ಮುಂದಿಟ್ಟುಕೊಂಡು ಒಂದೇ ಜಗಲಿಯ ಮೇಲೆ ಕುಳಿತು ಮಾತನಾಡುವ ಸಾಮರ್ಥ್ಯ. ಆ ಕೊರತೆಯ ಬೆಲೆಯನ್ನು ನಾವು ತೆರುತ್ತಲೇ ಬಂದಿದ್ದೇವೆ.

ಒಂದು ಉದಾಹರಣೆಯನ್ನು ನೋಡೋಣ. ಮಾಧವ ಗಾಡ್ಗೀಳ್ ಅವರ ಅಧ್ಯಕ್ಷತೆಯ ಪಶ್ಚಿಮಘಟ್ಟ ಪರಿಸರ ತಜ್ಞರ ಸಮಿತಿ 2010ರಲ್ಲಿ ರಚನೆಯಾಗಿ 2011ರಲ್ಲಿ ವರದಿಯನ್ನು ಸಲ್ಲಿಸಿತು. ಅನಂತರ ಕಸ್ತೂರಿರಂಗನ್ ನೇತೃತ್ವದ ಕಾರ್ಯತಂಡದ ವರದಿ 2013ರಲ್ಲಿ ಬಂದಿತು. 2014ರ ಮಾರ್ಚಿನಿಂದ 2024ರ ಜುಲೈವರೆಗೆ ಕೇಂದ್ರ ಸರಕಾರ ಆರು ಬಾರಿ ಕರಡು ಅಧಿಸೂಚನೆಯನ್ನು ಹೊರಡಿಸಿತು. ಆರನೆಯದು ಹೊರಬಿದ್ದದ್ದು 2024ರ ಜುಲೈ 31ರಂದು. ವಯನಾಡಿನ ಭೂಕುಸಿತ ಸಂಭವಿಸಿದ ಮರುದಿನ. ಆ ಕರಡಿನಲ್ಲಿ ಸೇರಿದ ಒಟ್ಟು ಪ್ರದೇಶ ಸುಮಾರು 56,800 ಚದರ ಕಿಲೋಮೀಟರ್. ಅದರಲ್ಲಿ ನಮ್ಮ ರಾಜ್ಯದ ಪಾಲು 20,668.

ಹತ್ತು ವರ್ಷಗಳ ಈ ಅವಧಿಯಲ್ಲಿ ಹಳ್ಳಿಗಳಲ್ಲಿ ನಡೆದದ್ದೇನು? ಗಣಿಗಾರಿಕೆ, ಕಲ್ಲುಕ್ವಾರಿ, ಮರಳುಗಾರಿಕೆ, ಉಷ್ಣವಿದ್ಯುತ್ ಸ್ಥಾವರ, ಹೆಚ್ಚು ಮಾಲಿನ್ಯದ ಕೈಗಾರಿಕೆ, ಭಾರಿ ಕಟ್ಟಡ ಇವುಗಳಿಗೆ ತಡೆಯೊಡ್ಡುವ ಕರಡು, ಜನರ ಕಿವಿಗೆ ‘ನಿಮ್ಮನ್ನು ಎಬ್ಬಿಸುತ್ತಾರೆ’ ಎಂಬ ಸುದ್ದಿಯಾಗಿ ತಲುಪಿತು. ಭಯಗೊಂಡು ಪ್ರಶ್ನಿಸಿದವರನ್ನು ಒಂದು ಕಡೆಯವರು ‘ಅಜ್ಞಾನಿಗಳು, ಲಾಬಿಯವರು’ ಎಂದರು. ವರದಿಯ ಪರವಾಗಿ ಮಾತನಾಡಿದವರನ್ನು ಇನ್ನೊಂದು ಕಡೆಯವರು ‘ರೈತದ್ರೋಹಿಗಳು, ಅಭಿವೃದ್ಧಿ ವಿರೋಧಿಗಳು’ ಎಂದರು. ಎರಡೂ ಕಡೆ ತೀರ್ಪು ಸಿದ್ಧವಾಗಿತ್ತು. ವಿಚಾರಣೆ ಮಾತ್ರ ನಡೆಯಲೇ ಇಲ್ಲ. ಗಾಡ್ಗೀಳ್ ವರದಿ ಗ್ರಾಮಸಭೆಗಳಲ್ಲಿ ಚರ್ಚೆಯಾಗಿ ಕೆಳಗಿನಿಂದ ಮೇಲಕ್ಕೆ ನಿರ್ಧಾರವಾಗಬೇಕೆಂದು ಹೇಳಿತ್ತು. ಗ್ರಾಮಸಭೆಗೆ ಬಂದ ಕಡೆಯೂ ಅದು ಪರ–ವಿರೋಧದ ಕೈ ಎತ್ತುವಿಕೆಯಾಯಿತೇ ಹೊರತು ಮಾತುಕತೆಯಾದದ್ದು ಕಡಿಮೆ.

ಇಷ್ಟನ್ನು ಪೀಠಿಕೆಯಾಗಿ ಹೇಳಿ ಮೂಲ ವಿಷಯಕ್ಕೆ ಬರುತ್ತೇನೆ.

ಗಿಡಕ್ಕೊಂದು ಭಾಷೆ, ಮನುಷ್ಯನಿಗೊಂದು ಭಾಷೆ

ನಮ್ಮ ರೈತರು ಬೆಳೆಯ ರೋಗಗಳಿಗೆ ಇಟ್ಟ ಹೆಸರುಗಳನ್ನು ಗಮನಿಸಿರಿ. ಕೊಳೆರೋಗ. ಹಳದಿ ಎಲೆ ರೋಗ. ಎಲೆಚುಕ್ಕಿ ರೋಗ. ಈ ಹೆಸರುಗಳಲ್ಲಿ ಕಣ್ಣಿಗೆ ಕಂಡದ್ದಷ್ಟೇ ಇದೆ. ಕಾಯಿ ಕೊಳೆಯಿತು, ಎಲೆ ಹಳದಿಯಾಯಿತು, ಎಲೆಯ ಮೇಲೆ ಚುಕ್ಕಿ ಬಿತ್ತು. ‘ಸೋಮಾರಿ ಮರದ ರೋಗ’ ಎಂದು ಯಾರೂ ಹೆಸರಿಡಲಿಲ್ಲ. ಲೆಸ್ಲಿ ಕೋಲ್ಮನ್ ಎಂಬ ಕೆನಡಾದ ವಿಜ್ಞಾನಿ 1908ರಲ್ಲಿ ಮೈಸೂರು ಸಂಸ್ಥಾನದ ಸೇವೆಗೆ ಸೇರಿ, ಮಲೆನಾಡಿನ ಅಡಿಕೆಯ ಈ ರೋಗವನ್ನು ಅಭ್ಯಸಿಸಿ 1910ರಲ್ಲಿ ಪ್ರಕಟಿಸಿದ ಪುಸ್ತಿಕೆಗೆ ‘ಕೊಳೆರೋಗ’ ಎಂಬ ರೈತರ ಹೆಸರನ್ನೇ ಇಟ್ಟರು. ರೋಗಕ್ಕೆ ಕಾರಣವಾದ ಫೈಟೋಫ್ತೊರ ಎಂಬ ಜೀವಿಯನ್ನು ಅವರು ಸೂಕ್ಷ್ಮದರ್ಶಕದಲ್ಲಿ ಕಂಡರು. ಆದರೆ ಎಡೆಬಿಡದ ಮಳೆಗೂ ಕೊಳೆಗೂ ಇರುವ ನಂಟನ್ನು ಕಂಡು, ಗೊನೆಗೆ ಕೊಟ್ಟೆ ಕಟ್ಟುವ ಉಪಾಯವನ್ನು ರೈತರು ಮೊದಲೇ ಕಂಡುಕೊಂಡಿದ್ದರು. ಒಳ್ಳೆಯ ಅವಲೋಕನ ಹೀಗೆ ಇನ್ನೊಬ್ಬರ ಅವಲೋಕನದ ಮೇಲೆ ನಿಂತು ಬೆಳೆಯುತ್ತದೆ.

ಇಷ್ಟು ತಾಳ್ಮೆಯಿಂದ ಗಿಡವನ್ನು ನೋಡುವ ನಾವು ಮನುಷ್ಯನ ವಿಷಯಕ್ಕೆ ಬಂದೊಡನೆ ನೋಡುವುದನ್ನು ನಿಲ್ಲಿಸಿಬಿಡುತ್ತೇವೆ. ಕೆಲಸಕ್ಕೆ ಬಾರದವನು ‘ಸೋಮಾರಿ’. ಗದ್ದೆಗೆ ಮಣ್ಣು ತುಂಬಿ ಅಡಿಕೆ ನೆಟ್ಟವನು ‘ಲೋಭಿ’. ಬೆಂಗಳೂರಿಗೆ ಹೋದ ಮಗ ‘ಮಣ್ಣಿನ ಋಣ ಮರೆತವನು’. ದಾಖಲೆ ಕೇಳಿದ ಅರಣ್ಯ ರಕ್ಷಕ ‘ಲಂಚಕೋರ’. ಅರಣ್ಯ ರಕ್ಷಕನ ದೃಷ್ಟಿಯಲ್ಲಿ ನಾವು ‘ಒತ್ತುವರಿದಾರರು’. ಇವು ರೋಗದ ಹೆಸರುಗಳಲ್ಲ, ತೀರ್ಪುಗಳು. ತೀರ್ಪು ಒಮ್ಮೆ ಬಂದಮೇಲೆ ಮುಂದೆ ಪರೀಕ್ಷಿಸಬೇಕಾದದ್ದು ಏನೂ ಉಳಿಯುವುದಿಲ್ಲ. ಕಾರಣ ತಿಳಿಯದ ರೋಗಕ್ಕೆ ಮದ್ದು ಹೇಗೆ ದೊರೆಯದೋ, ಹಾಗೆಯೇ ಸೋಮಾರಿ, ಲೋಭಿ ಎಂದು ಕರೆಯಲ್ಪಟ್ಟ ಮನುಷ್ಯನ ಕಷ್ಟಕ್ಕೂ ಪರಿಹಾರ ದೊರೆಯದು.

ಒಂದು ಪದ ಎಷ್ಟು ಕಾಲ ಹಾನಿ ಮಾಡಬಲ್ಲದು ಎಂಬುದಕ್ಕೆ ನಮ್ಮ ಕಾಡಿನ ಚರಿತ್ರೆಯೇ ಸಾಕ್ಷಿ. 1878ರ ಅರಣ್ಯ ಕಾಯಿದೆಯ ತರುವಾಯ ಸೊಪ್ಪು, ಸೌದೆ, ಮೇವು, ಕುಮರಿಗಾಗಿ ಕಾಡನ್ನು ಅವಲಂಬಿಸಿದ್ದವರ ಎಷ್ಟೋ ನಿತ್ಯದ ಕೆಲಸಗಳು ಕಡತಗಳಲ್ಲಿ ‘ಅಪರಾಧ’ವಾದವು; ಅವರೇ ‘ಅತಿಕ್ರಮಣಕಾರ’ರಾದರು. 2006ರ ಅರಣ್ಯ ಹಕ್ಕು ಕಾಯಿದೆ ತನ್ನ ಪೀಠಿಕೆಯಲ್ಲಿಯೇ ಅರಣ್ಯವಾಸಿಗಳಿಗೆ ‘ಐತಿಹಾಸಿಕ ಅನ್ಯಾಯ’ವಾಗಿದೆಯೆಂದು ಒಪ್ಪಿಕೊಂಡಿತು. ಅತಿಕ್ರಮಣಕಾರ ಎಂಬ ಪದದಿಂದ ಅರಣ್ಯವಾಸಿ ಎಂಬ ಪದಕ್ಕೆ ಬರಲು ಸರಕಾರಕ್ಕೆ ನೂರಿಪ್ಪತ್ತೆಂಟು ವರ್ಷಗಳು ಬೇಕಾದವು. ಕಾಯಿದೆಯ ಜಾರಿಯಲ್ಲಿ ಕೊರತೆಗಳು ನೂರಿರಬಹುದು. ಆದರೆ ಪದ ಬದಲಾದಾಗಲೇ ಅರ್ಜಿ ಹಾಕುವ ಅವಕಾಶ ತೆರೆಯಿತು ಎಂಬುದನ್ನು ಮರೆಯಬಾರದು.

ಮಾರ್ಷಲ್ ರೋಸೆನ್‌ಬರ್ಗ್ ಕಲಿಸಿದ ನಾಲ್ಕು ಹೆಜ್ಜೆ

ತೀರ್ಪಿನ ಭಾಷೆಯನ್ನು ಬಿಟ್ಟು ಮಾತನಾಡುವುದನ್ನು ಒಂದು ವಿದ್ಯೆಯಾಗಿ ಕಲಿಸಿದವರಲ್ಲಿ ಅಮೆರಿಕದ ಮಾರ್ಷಲ್ ರೋಸೆನ್‌ಬರ್ಗ್ ಮುಖ್ಯರು. 1934ರಲ್ಲಿ ಜನಿಸಿದ ಅವರು ಡೆಟ್ರಾಯಿಟ್ ನಗರದಲ್ಲಿ ಬೆಳೆದರು. 1943ರಲ್ಲಿ ಆ ನಗರದಲ್ಲಿ ಕರಿಯರು ಮತ್ತು ಬಿಳಿಯರ ನಡುವೆ ನಡೆದ ಗಲಭೆಯಲ್ಲಿ 34 ಜನರು ಸತ್ತರು. ಬಾಲಕ ರೋಸೆನ್‌ಬರ್ಗ್ ಮನೆಯೊಳಗೆ ಅಡಗಿ ಕುಳಿತಿರಬೇಕಾಯಿತು. ಗಲಭೆ ಮುಗಿದು ಶಾಲೆಗೆ ಹೋದಾಗ, ಅವರ ಹೆಸರಿನಿಂದ ಯಹೂದಿಯೆಂದು ತಿಳಿದ ಸಹಪಾಠಿಗಳು ಅವರನ್ನು ಹೊಡೆದರು. ಮನುಷ್ಯರು ಹೀಗೇಕೆ ವರ್ತಿಸುತ್ತಾರೆ, ಕೆಲವರು ಇಂಥ ಸ್ಥಿತಿಯಲ್ಲಿಯೂ ಕರುಣೆಯನ್ನು ಹೇಗೆ ಉಳಿಸಿಕೊಳ್ಳುತ್ತಾರೆ ಎಂಬ ಪ್ರಶ್ನೆ ಅವರನ್ನು ಮನಶ್ಶಾಸ್ತ್ರದತ್ತ ಕೊಂಡೊಯ್ದಿತು. 1961ರಲ್ಲಿ ಅವರು ವಿಸ್ಕಾನ್ಸಿನ್ ವಿಶ್ವವಿದ್ಯಾಲಯದಿಂದ ಡಾಕ್ಟರೇಟ್ ಪಡೆದರು. ಅಲ್ಲಿ ಅವರ ಮೇಲೆ ಪ್ರಭಾವ ಬೀರಿದವರು ಕಾರ್ಲ್ ರೋಜರ್ಸ್. ಮುಂದೆ ಅವರು ರೂಪಿಸಿದ ಕ್ರಮಕ್ಕೆ ‘ಅಹಿಂಸಾತ್ಮಕ ಸಂವಹನ’ ಎಂದು ಹೆಸರಿಟ್ಟರು. ಅಹಿಂಸೆ ಎಂಬ ಪದವನ್ನು ಗಾಂಧೀಜಿಯವರ ಅರ್ಥದಲ್ಲಿಯೇ ಬಳಸಿದ್ದೇನೆಂದು ಅವರು ಹೇಳುತ್ತಿದ್ದರು. 2015ರಲ್ಲಿ ಅವರು ತೀರಿಕೊಂಡರು.

ಅವರ ಕ್ರಮದಲ್ಲಿ ನಾಲ್ಕು ಹೆಜ್ಜೆಗಳಿವೆ. ನಮ್ಮ ಆಡುಮಾತಿನಲ್ಲಿ ಅವುಗಳನ್ನು ಹೀಗೆ ಹೇಳಬಹುದು: ಕಂಡದ್ದು, ಆದದ್ದು, ಬೇಕಾದದ್ದು, ಕೇಳಿಕೊಳ್ಳುವುದು.

ಮೊದಲನೆಯದು ಕಂಡದ್ದು. ವಿಡಿಯೋ ಕ್ಯಾಮೆರಾ ಏನನ್ನು ಹಿಡಿಯಬಲ್ಲದೋ ಅಷ್ಟನ್ನೇ ಹೇಳುವುದು. ‘ನೀನು ಯಾವಾಗಲೂ ನೀರಿನ ವಿಷಯದಲ್ಲಿ ಮೋಸ ಮಾಡುತ್ತೀ’ ಎಂಬುದು ತೀರ್ಪು. ‘ಈ ವಾರ ಮೂರು ದಿನ ಕಾಲುವೆಯ ನೀರು ನಿನ್ನ ತೋಟದ ಕಡೆಗೇ ತಿರುಗಿತ್ತು’ ಎಂಬುದು ಅವಲೋಕನ. ಮೊದಲನೆಯದಕ್ಕೆ ‘ಇಲ್ಲ’ ಎಂಬುದಲ್ಲದೆ ಬೇರೆ ಉತ್ತರ ಬಾರದು. ಎರಡನೆಯದಕ್ಕೆ ‘ಹೌದು, ಪಂಪು ಕೆಟ್ಟಿತ್ತು’ ಎಂಬ ಉತ್ತರ ಬರಬಹುದು. ‘ಯಾವಾಗಲೂ’, ‘ಎಂದೂ’, ‘ಎಲ್ಲರೂ’, ‘ನಿಮ್ಮ ಜನವೇ ಹೀಗೆ’ ಎಂಬ ಪದಗಳು ಬಂದಲ್ಲಿ ಅವಲೋಕನ ಮುಗಿದು ತೀರ್ಪು ತೊಡಗಿದೆಯೆಂದು ತಿಳಿಯಿರಿ.

ಎರಡನೆಯದು ಆದದ್ದು, ಅಂದರೆ ಮನಸ್ಸಿಗೆ ಆದದ್ದು. ಭಯ, ಬೇಸರ, ದುಃಖ, ನಿರಾಸೆ. ಇಲ್ಲಿ ನಮ್ಮ ಭಾಷೆಯೇ ನಮಗೊಂದು ಅನುಕೂಲವನ್ನು ಒದಗಿಸಿದೆ. ಕನ್ನಡದಲ್ಲಿ ಭಾವನೆಗಳು ಚತುರ್ಥಿ ವಿಭಕ್ತಿಯಲ್ಲಿ ಬರುತ್ತವೆ. ‘ನನಗೆ ಭಯವಾಗಿದೆ’, ‘ನನಗೆ ಬೇಸರವಾಗಿದೆ’ ಎನ್ನುತ್ತೇವೆ. ಮೂರನೆಯ ಹೆಜ್ಜೆಯಾದ ಬೇಕಾದದ್ದೂ ಹಾಗೆಯೇ: ‘ನನಗೆ ನೀರು ಬೇಕು’, ‘ನಮಗೆ ಭದ್ರತೆ ಬೇಕು’. ತೀರ್ಪುಗಳಾದರೋ ‘ನೀನು’ ಎಂದು ತೊಡಗುತ್ತವೆ: ನೀನು ಲೋಭಿ, ನೀವು ದ್ರೋಹಿಗಳು. ವಿದ್ಯಾರ್ಥಿಗಳು ಇದೊಂದನ್ನು ನೆನಪಿಟ್ಟರೂ ಸಾಕು: ಜಗಳ ಏರುತ್ತಿರುವಾಗ ‘ನೀನು’ ಎಂದು ತೊಡಗುವ ವಾಕ್ಯವನ್ನು ತಡೆದು, ಅದನ್ನೇ ‘ನನಗೆ’ ಎಂದು ತೊಡಗಿಸಿ ಹೇಳಲು ಪ್ರಯತ್ನಿಸಬೇಕು. ಆದರೆ ಒಂದು ಮೋಸವಿದೆ. ‘ನೀವು ನಮ್ಮನ್ನು ಲೆಕ್ಕಕ್ಕೇ ಇಟ್ಟಿಲ್ಲವೆಂದು ನನಗೆ ಅನಿಸುತ್ತದೆ’ ಎಂಬ ವಾಕ್ಯದಲ್ಲಿ ‘ನನಗೆ’ ಇದ್ದರೂ ಅದು ಭಾವನೆಯಲ್ಲ. ಬೇರೊಬ್ಬರ ಮೇಲಿನ ತೀರ್ಪೇ. ‘ಸಭೆಗೆ ಕರೆ ಬರಲಿಲ್ಲ, ನನಗೆ ನೋವಾಯಿತು’ ಎಂಬುದು ಭಾವನೆ.

ಮೂರನೆಯದಾದ ಅಗತ್ಯವೇ ಈ ವಿದ್ಯೆಯ ತಿರುಳು. ಅಗತ್ಯಗಳು ಎಲ್ಲ ಮನುಷ್ಯರಿಗೂ ಸಮಾನ: ಅನ್ನ, ನೀರು, ಭದ್ರತೆ, ಗೌರವ, ವಿಶ್ರಾಂತಿ, ಮಕ್ಕಳ ಭವಿಷ್ಯ. ಜಗಳವಾಗುವುದು ಅಗತ್ಯಗಳ ನಡುವೆ ಅಲ್ಲ; ಅವುಗಳನ್ನು ಪೂರೈಸಿಕೊಳ್ಳಲು ನಾವು ಆರಿಸಿಕೊಂಡ ದಾರಿಗಳ ನಡುವೆ ಎಂದು ರೋಸೆನ್‌ಬರ್ಗ್ ವಾದಿಸಿದರು. ದಾರಿ ಒಂದೇ ಇರುವುದಿಲ್ಲ. ಆದುದರಿಂದ ಅಗತ್ಯ ತಿಳಿದರೆ ಬೇರೆ ದಾರಿಯನ್ನು ಹುಡುಕಬಹುದು.

ನಾಲ್ಕನೆಯದು ಕೋರಿಕೆ. ‘ಪರಿಸರವನ್ನು ಕಾಪಾಡಿ’ ಎಂಬುದು ಕೋರಿಕೆಯಲ್ಲ, ಉಪದೇಶ. ‘ಹಳ್ಳದ ಅಂಚಿನ ಈ ಐದು ಮರಗಳನ್ನು ಈ ಮಳೆಗಾಲ ಕಳೆಯುವವರೆಗೆ ಕಡಿಯದೆ ಬಿಡುತ್ತೀರಾ?’ ಎಂಬುದು ಕೋರಿಕೆ. ಕೋರಿಕೆಗೆ ‘ಆಗದು’ ಎನ್ನುವ ಸ್ವಾತಂತ್ರ್ಯ ಎದುರಿನವರಿಗೆ ಇರಬೇಕು. ಇಲ್ಲವೆಂದೊಡನೆ ನಾವು ಸಿಟ್ಟಾದರೆ ಅದು ಕೋರಿಕೆಯ ವೇಷ ತೊಟ್ಟ ಆಜ್ಞೆ.

ಗದ್ದೆ ತೋಟವಾಗುವ ಕತೆ

ನಮ್ಮೂರುಗಳಲ್ಲಿ ಕಣ್ಣೆದುರು ನಡೆಯುತ್ತಿರುವ ಸಂಗತಿಯೊಂದರಲ್ಲಿ ಈ ಕ್ರಮವನ್ನು ಪರೀಕ್ಷಿಸೋಣ. ಕಣಿವೆಯ ಭತ್ತದ ಗದ್ದೆಗಳು ಅಡಿಕೆ ತೋಟಗಳಾಗುತ್ತಿವೆ. ಪರಿಸರಾಸಕ್ತರು ಇದನ್ನು ವಿರೋಧಿಸುತ್ತಾರೆ. ಅವರ ವಾದದಲ್ಲಿ ಸತ್ಯವಿದೆ. ಬದು ಕಟ್ಟಿದ ಗದ್ದೆ ಮಳೆನೀರನ್ನು ನಿಲ್ಲಿಸಿಕೊಂಡು ನಿಧಾನವಾಗಿ ನೆಲಕ್ಕೆ ಇಳಿಸುತ್ತದೆ. ಕೆಳಗಿನ ಬಾವಿಗಳಿಗೆ ಅದರಿಂದ ನೀರು. ಬಸಿಗಾಲುವೆ ತೆಗೆದು ತೋಟ ಮಾಡಿದಾಗ ಅದೇ ನೀರು ಬೇಗನೆ ಹಳ್ಳ ಸೇರುತ್ತದೆ. ಆದರೆ ಈ ಸತ್ಯವನ್ನು ‘ಅಡಿಕೆಯ ಲೋಭ’ ಎಂಬ ಎರಡು ಪದಗಳೊಡನೆ ಹೇಳಿದಾಗ ರೈತನಿಗೆ ಕೇಳಿಸುವುದು ಆ ಎರಡು ಪದಗಳು ಮಾತ್ರ.

ಅವನನ್ನು ಕೇಳಿದರೆ ಏನೆನ್ನುತ್ತಾನೆ? ನಾಟಿಗೆ ಆಳು ದೊರೆಯುವುದಿಲ್ಲ. ತೆನೆ ಬಲಿಯುವ ಹೊತ್ತಿಗೆ ಹಂದಿ, ನವಿಲು, ಕೆಲವೆಡೆ ಆನೆ. ರಾತ್ರಿ ಮಾಳ ಕಾಯಲು ಮನೆಯಲ್ಲಿ ಉಳಿದವರು ಅರವತ್ತು ದಾಟಿದ ಇಬ್ಬರು. ಖರ್ಚು ಕಳೆದರೆ ಭತ್ತದಲ್ಲಿ ಏನೂ ಉಳಿಯದು. ಇಲ್ಲಿ ಲೋಭವೆಲ್ಲಿದೆ? ದಣಿವಿದೆ, ಭಯವಿದೆ. ಅಗತ್ಯವೆಂದರೆ ನಿಶ್ಚಿತ ಆದಾಯ, ಮತ್ತು ರಾತ್ರಿಯ ನಿದ್ರೆ. ನಮ್ಮ ಅಗತ್ಯ ಕೆಳಗಿನ ಬಾವಿಗಳ ನೀರು. ಅದು ಅವನ ಅಗತ್ಯವೂ ಹೌದು. ಇಷ್ಟು ಸ್ಪಷ್ಟವಾದ ಮೇಲೆ ಮಾತನಾಡಲು ವಿಷಯವಿದೆ. ನಾಲ್ಕು ಮನೆಗಳು ಸೇರಿ ಮುಯ್ಯಾಳಿನಲ್ಲಿ ನಾಟಿ ಮಾಡಬಹುದೆ? ಒಂದೇ ಬಯಲಿಗೆ ಕೂಡಿ ಬೇಲಿ ಹಾಕಬಹುದೆ? ತೋಟ ಮಾಡುವುದೇ ಆದರೆ ಎಲ್ಲಕ್ಕಿಂತ ಕೆಳಗಿನ ಎರಡು ಗದ್ದೆಗಳನ್ನಾದರೂ ನೀರು ನಿಲ್ಲಲು ಬಿಡಬಹುದೆ? ಈ ಎಲ್ಲ ಪ್ರಶ್ನೆಗಳಿಗೂ ‘ಹೌದು’ ಎಂಬ ಉತ್ತರ ಬರುತ್ತದೆಂದು ನಾನು ಭರವಸೆ ಕೊಡಲಾರೆ. ‘ಲೋಭಿ’ ಎಂದು ಕರೆಸಿಕೊಂಡವನ ಎದುರು ಈ ಪ್ರಶ್ನೆಗಳನ್ನು ಇಡುವುದೇ ಸಾಧ್ಯವಿಲ್ಲವೆಂದು ಮಾತ್ರ ಹೇಳಬಲ್ಲೆ.

ಮನೆಯೊಳಗಿನ ಮಾತಿಗೂ ಇದೇ ಕ್ರಮ ಅನ್ವಯಿಸುತ್ತದೆ. ‘ನಿನಗೆ ಮಣ್ಣೆಂದರೆ ಹೇಸಿಗೆ’ ಎಂದು ನಗರದಲ್ಲಿರುವ ಮಗನಿಗೆ ಫೋನಿನಲ್ಲಿ ಹೇಳುವ ತಂದೆಯ ಮಾತಿನ ಒಳಗೆ, ‘ತಮ್ಮಾ, ಕೊನೆಗೌಡ ಸಿಗಲಿಲ್ಲ, ಎರಡನೆಯ ಔಷಧಿ ಹೊಡೆಯುವುದಕ್ಕೆ ಮೊದಲೇ ಮಳೆ ಹಿಡಿಯಿತು, ಒಬ್ಬನಿಗೇ ಹೆದರಿಕೆಯಾಗುತ್ತದೆ’ ಎಂಬ ಮಾತಿದೆ. ಮೊದಲನೆಯದನ್ನು ಕೇಳಿದ ಮಗ ಫೋನನ್ನು ಇಡುತ್ತಾನೆ. ಎರಡನೆಯದನ್ನು ಕೇಳಿದ ಮಗ ಬಹುಶಃ ಊರಿಗೆ ಮರಳಲಾರ; ಆದರೆ ‘ಅಪ್ಪಯ್ಯ, ಈ ಸಲ ರಜೆ ಹಾಕಿ ಬರುತ್ತೇನೆ’ ಎನ್ನಬಹುದು.

ಕೇಳುವುದೆಂದರೆ

ಇದುವರೆಗೆ ಹೇಳುವುದನ್ನು ಕುರಿತು ಮಾತನಾಡಿದೆ. ಕೇಳುವುದು ಇದಕ್ಕಿಂತ ಕಷ್ಟ. ಸಹಾನುಭೂತಿ ಎಂಬ ಪದವನ್ನು ನಾವು ಕನಿಕರ ಎಂಬರ್ಥದಲ್ಲಿ ಸವೆಸಿಬಿಟ್ಟಿದ್ದೇವೆ. ಪದವನ್ನು ಬಿಡಿಸಿದರೆ ಸಹ–ಅನುಭೂತಿ, ಜೊತೆಗೂಡಿ ಅನುಭವಿಸುವುದು. ಕನಿಕರ ಮೇಲಿನಿಂದ ಕೆಳಕ್ಕೆ ಹರಿಯುತ್ತದೆ. ಸಹಾನುಭೂತಿ ಪಕ್ಕದಲ್ಲಿ ಕುಳಿತುಕೊಳ್ಳುತ್ತದೆ.

ಶೃಂಗೇರಿ, ಕೊಪ್ಪ ಭಾಗಗಳಲ್ಲಿ ಹಳದಿ ಎಲೆ ರೋಗದಿಂದ ತೋಟ ಕಳೆದುಕೊಂಡ ಕುಟುಂಬಗಳು ಎಷ್ಟೋ ಇವೆ. ಈ ರೋಗಕ್ಕೆ ಫೈಟೋಪ್ಲಾಸ್ಮ ಎಂಬ ಸೂಕ್ಷ್ಮಜೀವಿ ಕಾರಣ. ಒಮ್ಮೆ ತಗುಲಿದ ಮರವನ್ನು ಗುಣಪಡಿಸುವ ಮದ್ದಿಲ್ಲ. ಪೋಷಕಾಂಶಗಳನ್ನು ಸರಿಯಾಗಿ ಒದಗಿಸಿ ಇಳುವರಿಯ ಕುಸಿತವನ್ನು ನಿಧಾನಗೊಳಿಸಬಹುದು, ಅಷ್ಟೆ. ಅಂಥ ತೋಟದ ನಡುವೆ ನಿಂತ ರೈತ ‘ಎಲ್ಲಾ ಹೋಯಿತು ಸ್ವಾಮೀ’ ಎಂದಾಗ ನಮ್ಮಂಥ ವಿಜ್ಞಾನಿಗಳ ಬಾಯಿಗೆ ಮೊದಲು ಬರುವ ಮಾತುಗಳು ಯಾವುವು? ‘ಮರವೊಂದಕ್ಕೆ ವರ್ಷಕ್ಕೆ 100 ಗ್ರಾಂ ಸಾರಜನಕ, 40 ಗ್ರಾಂ ರಂಜಕ, 140 ಗ್ರಾಂ ಪೊಟ್ಯಾಷ್ ಕೊಟ್ಟಿದ್ದೀರಾ?’ ಇದು ವಿಚಾರಣೆ. ‘ಕಾಫಿ ಹಾಕಬಹುದಿತ್ತಲ್ಲ’ ಎಂಬುದು ಸಲಹೆ. ‘ಪಕ್ಕದ ಊರಿನಲ್ಲಿ ಇದಕ್ಕಿಂತ ಹೆಚ್ಚಾಗಿದೆ’ ಎಂಬುದು ಹೋಲಿಕೆ. ‘ಚಿಂತೆ ಮಾಡಬೇಡಿ, ಎಲ್ಲ ಸರಿಹೋಗುತ್ತದೆ’ ಎಂಬುದು ಹುಸಿ ಸಮಾಧಾನ. ಇವುಗಳಲ್ಲಿ ಸಲಹೆ ತಪ್ಪಲ್ಲ, ಅದರ ಹೊತ್ತು ತಪ್ಪು. ‘ಅಜ್ಜನ ಕಾಲದ ತೋಟ ಕಣ್ಣೆದುರೇ ಹೋಗುತ್ತಿದೆ ಎಂಬ ಸಂಕಟವೆ?’ ಎಂದು ಕೇಳಿ ಸುಮ್ಮನೆ ನಿಲ್ಲುವುದು ಕೇಳುವಿಕೆ. ಮನಸ್ಸಿನ ಭಾರ ಇಳಿದಮೇಲೆ ರೈತನೇ ‘ಮುಂದೆ ಏನು ಮಾಡಬಹುದು?’ ಎಂದು ಕೇಳುತ್ತಾನೆ. ಆಗ ಪೊಟ್ಯಾಷಿನ ಮಾತನ್ನು ಆಡಿದರೆ ಅದು ಒಳಗೆ ಇಳಿಯುತ್ತದೆ.

ಭೂಕುಸಿತದ ಊರುಗಳಲ್ಲಿಯೂ ಈ ವಿವೇಕ ಬೇಕಾಗಿದೆ. 2018ರ ಆಗಸ್ಟ್‌ನಲ್ಲಿ ಕೊಡಗು, 2021ರ ಜುಲೈಯಲ್ಲಿ ಯಲ್ಲಾಪುರ ತಾಲ್ಲೂಕಿನ ಕಳಚೆ, 2024ರ ಜುಲೈ 16ರಂದು ಅಂಕೋಲಾದ ಶಿರೂರು. ಇಳಿಜಾರನ್ನು ಕತ್ತರಿಸುವುದು, ನೀರಿನ ಸಹಜ ದಾರಿಯನ್ನು ಮುಚ್ಚುವುದು, ಬೇರು ಹಿಡಿದ ಮರಗಳನ್ನು ತೆಗೆಯುವುದು ಇವೆಲ್ಲ ಗುಡ್ಡವನ್ನು ದುರ್ಬಲಗೊಳಿಸುತ್ತವೆ. ಅಸಾಧಾರಣ ಮಳೆ ಅದನ್ನು ಉರುಳಿಸುತ್ತದೆ. ಇದನ್ನು ಹೇಳಲೇಬೇಕು. ಆದರೆ ಮನೆ ಕಳೆದುಕೊಂಡು ಪರಿಹಾರ ಕೇಂದ್ರದಲ್ಲಿ ಕುಳಿತವರ ಎದುರು ಮೊದಲ ಮಾತಾಗಿ ‘ನೀವೇ ಮಾಡಿಕೊಂಡದ್ದು’ ಎಂಬಂತೆ ಹೇಳಿದರೆ, ಮುಂದಿನ ಮಳೆಗಾಲಕ್ಕೆ ಮುನ್ನ ಧರೆಯಲ್ಲಿ ಬಿರುಕು ಕಂಡಾಗ ಅವರು ನಮ್ಮನ್ನು ಕರೆಯುವುದಿಲ್ಲ. ಆಗ ಪ್ರಾಣಗಳೇ ಹೋಗಬಹುದು. ತೀರ್ಪಿನ ಮಾತಿಗೆ ಇಂಥ ಬೆಲೆಯೂ ಉಂಟು.

ಭಯದ ಹಿಂದೆ ಚರಿತ್ರೆಯಿರುತ್ತದೆ ಎಂಬುದನ್ನೂ ಕೇಳುವವರು ಅರಿತಿರಬೇಕು. ‘ಕರಡಿನಲ್ಲಿ ಒಕ್ಕಲೆಬ್ಬಿಸುವ ಮಾತಿಲ್ಲ’ ಎಂದು ಶರಾವತಿ ಕಣಿವೆಯ ಹಿರಿಯರೊಬ್ಬರಿಗೆ ಎಷ್ಟು ಬಾರಿ ಹೇಳಿದರೂ ಅವರು ನಂಬದಿದ್ದರೆ, ಅದು ಅಜ್ಞಾನವಲ್ಲ. 1964ರಲ್ಲಿ ಪೂರ್ಣಗೊಂಡ ಲಿಂಗನಮಕ್ಕಿ ಅಣೆಕಟ್ಟಿಗಾಗಿ ಊರು ಬಿಟ್ಟ ಕುಟುಂಬಗಳು ಬದಲಿ ಜಮೀನಿನ ಹಕ್ಕುಪತ್ರಕ್ಕಾಗಿ ದಶಕಗಟ್ಟಲೆ ಅಲೆದುದನ್ನು ಅವರು ಕಂಡಿದ್ದಾರೆ. ಅವರ ಭಯ ಅನುಭವದಿಂದ ಬಂದ ಜ್ಞಾನ. ಅದನ್ನು ಮೊದಲು ಒಪ್ಪಿಕೊಂಡರೆ ಮಾತ್ರ ಕರಡಿನ ಅಕ್ಷರಗಳನ್ನು ಜೊತೆಗೂಡಿ ಓದಲು ಸಾಧ್ಯ.

ಹಾಗಾದರೆ ಪ್ರತಿಭಟನೆ ಬೇಡವೆ?

ಈ ಪ್ರಶ್ನೆ ನಿಮ್ಮ ಮನಸ್ಸಿನಲ್ಲಿ ಬಂದಿರಬೇಕು. ಗುಡ್ಡವನ್ನು ಅಗೆಯಲು ಬಂದವನ ಎದುರೂ ಸವಿಮಾತನ್ನಾಡಬೇಕೆ? ಸಹಾನುಭೂತಿಯೆಂದರೆ ಸೋಲು ಅಲ್ಲ, ರಾಜಿಯೂ ಅಲ್ಲ. ಕೃತ್ಯವನ್ನು ತಡೆಯುವುದು ಬೇರೆ, ಕೃತ್ಯವೆಸಗಿದವನನ್ನು ಹಳಿಯುವುದು ಬೇರೆ. ಸುಪ್ರೀಂ ಕೋರ್ಟಿನ ಆದೇಶದಂತೆ ಕುದುರೆಮುಖದ ಗಣಿಗಾರಿಕೆ 2005ರ ಕೊನೆಗೆ ನಿಂತಿತು. ಅಲ್ಲಿ ತೀರ್ಪು ಬೇಕಾಗಿತ್ತು. ಅದು ಕೃತ್ಯದ ಮೇಲಿನ ತೀರ್ಪು. ಅಪಾಯವನ್ನು ತಡೆಯಲು ಬಲವನ್ನು ಬಳಸುವುದು ಬೇರೆ, ಶಿಕ್ಷಿಸಲು ಬಳಸುವುದು ಬೇರೆ ಎಂದು ರೋಸೆನ್‌ಬರ್ಗ್ ಕೂಡ ವಿಂಗಡಿಸಿದ್ದರು.

ನಮ್ಮ ನೆಲದ ಉದಾಹರಣೆ ಇನ್ನೂ ಹತ್ತಿರದ್ದು. 1983ರ ಸೆಪ್ಟೆಂಬರ್ 8ರಂದು ಶಿರಸಿ ತಾಲ್ಲೂಕಿನ ಸಾಲ್ಕಣಿಯ ಜನರು ಕಳಾಸೆ ಕಾಡಿಗೆ ನಡೆದು ಮರಗಳನ್ನು ಅಪ್ಪಿಕೊಂಡರು. ಕಡಿತ ನಿಂತಿತು. ಆ ಚಳವಳಿಯ ಹೆಸರೇ ‘ಅಪ್ಪಿಕೋ’. ಅದರಲ್ಲಿ ಯಾರಿಗೂ ಧಿಕ್ಕಾರವಿಲ್ಲ. ‘ಉಳಿಸು, ಬೆಳೆಸು, ಬಳಸು’ ಎಂಬ ಅದರ ಮೂರು ಪದಗಳನ್ನು ನೀವೆಲ್ಲ ಬಲ್ಲಿರಿ. ಮೂರನೆಯ ಪದವನ್ನು ಗಮನಿಸಿರಿ. ‘ಬಳಸು’ ಎಂದು ಹೇಳಿದ್ದರಿಂದಲೇ ಸೊಪ್ಪು, ದರಕು, ಸೌದೆಗಾಗಿ ಕಾಡಿಗೆ ಹೋಗುವ ಹೆಣ್ಣುಮಗಳ ಅಗತ್ಯಕ್ಕೂ ಆ ಚಳವಳಿಯಲ್ಲಿ ಸ್ಥಾನ ದೊರೆಯಿತು. ದೃಢವಾದ ನಿಲುವು ಮತ್ತು ಇನ್ನೊಬ್ಬರ ಅಗತ್ಯದ ಅರಿವು ಒಂದೇ ಘೋಷಣೆಯಲ್ಲಿ ಕೂಡಿರಬಲ್ಲವು ಎಂಬುದಕ್ಕೆ ಬೇರೆ ಪುರಾವೆ ಬೇಕಿಲ್ಲ.

ಅಡಿಕೆ ಬೆಳೆಗಾರರಿಗೆ ತಿಳಿದಿರುವ ಹೋಲಿಕೆಯೊಂದನ್ನು ಹೇಳುತ್ತೇನೆ. ಶೇಕಡಾ ಒಂದರ ಬೋರ್ಡೋ ದ್ರಾವಣಕ್ಕೆ ನೂರು ಲೀಟರ್ ನೀರಿಗೆ ಒಂದು ಕಿಲೋ ಮೈಲುತುತ್ತು, ಒಂದು ಕಿಲೋ ಸುಣ್ಣ. ರೋಗವನ್ನು ತಡೆಯುವುದು ತಾಮ್ರ. ಆದರೆ ಸುಣ್ಣ ಸಾಲದೆ ಹೋದರೆ ಅದೇ ತಾಮ್ರ ಹಿಂಗಾರವನ್ನೂ ಕಾಯನ್ನೂ ಸುಡುತ್ತದೆ. ಹೊಡೆಯುವ ಮೊದಲು ಉಜ್ಜಿದ ಕತ್ತಿಯನ್ನು ಅದ್ದಿ ನೋಡುತ್ತೇವೆ. ಕತ್ತಿಯ ಮೇಲೆ ತಾಮ್ರದ ಕೆಂಪು ಹತ್ತಿದರೆ ಇನ್ನಷ್ಟು ಸುಣ್ಣವನ್ನು ಸೇರಿಸುತ್ತೇವೆ. ನಮ್ಮ ಸತ್ಯದ ಮಾತು ತಾಮ್ರವಿದ್ದಂತೆ. ಅದನ್ನು ತೆಳುಮಾಡಬೇಕೆಂದು ನಾನು ಹೇಳುತ್ತಿಲ್ಲ. ಸುಣ್ಣ ಸರಿಯಿದೆಯೆ ಎಂದು ಪರೀಕ್ಷಿಸಿ ಹೊಡೆಯಬೇಕೆಂದು ಹೇಳುತ್ತಿದ್ದೇನೆ.

ಇನ್ನೊಂದು ಎಚ್ಚರಿಕೆಯೂ ಅಗತ್ಯ. ಈ ವಿದ್ಯೆಯನ್ನು ಮೇಲಿರುವವರು ಕೆಳಗಿರುವವರ ಬಾಯಿ ಮುಚ್ಚಿಸಲು ಬಳಸಬಹುದು. ಕೂಲಿ ಬಾಕಿಯಿರುವ ಕಾರ್ಮಿಕನಿಗೆ ತೋಟದ ಯಜಮಾನ, ಹಕ್ಕುಪತ್ರಕ್ಕೆ ಅಲೆದ ಮುದುಕಿಗೆ ಅಧಿಕಾರಿ, ಹೆಂಡತಿಗೆ ಗಂಡ ‘ಸಿಟ್ಟಿಲ್ಲದೆ ಮಾತನಾಡು’ ಎಂದು ಹೇಳುವುದು ಸಹಾನುಭೂತಿಯಲ್ಲ. ಶತಮಾನಗಳಿಂದ ಜಾತಿಯ ಹೆಸರಿನಲ್ಲಿ ತೀರ್ಪು ಕೇಳಿಸಿಕೊಂಡವರ ಮಾತು ಒರಟಾಗಿದ್ದರೆ, ಒರಟುತನವನ್ನು ತಿದ್ದುವುದು ಕೇಳುಗನ ಮೊದಲ ಕೆಲಸವಲ್ಲ. ಸಿಟ್ಟಿನ ಒಳಗಿರುವ ಅಗತ್ಯವನ್ನು ಗುರುತಿಸುವುದು ಅವನ ಕೆಲಸ. ಯಾರಿಗೆ ಅಧಿಕಾರ ಹೆಚ್ಚಿದೆಯೋ ಅವರು ಮೊದಲು ಕೇಳಬೇಕು. ಈ ನಿಯಮ ವಿಜ್ಞಾನಿಗಳಿಗೆ, ಅಧಿಕಾರಿಗಳಿಗೆ, ಚಳವಳಿಯ ಮುಂದಾಳುಗಳಿಗೆ ಸಮಾನವಾಗಿ ಅನ್ವಯಿಸುತ್ತದೆ.

ಮೂರು ಕೋರಿಕೆಗಳು

ಕೋರಿಕೆ ಸ್ಪಷ್ಟವಾಗಿರಬೇಕೆಂದು ಹೇಳಿದ ಮೇಲೆ ನಾನೂ ಸ್ಪಷ್ಟವಾಗಿ ಕೋರಬೇಕು.

ಒಂದು, ವಿದ್ಯಾರ್ಥಿಗಳಲ್ಲಿ. ಜೀವವೈವಿಧ್ಯ ದಾಖಲಾತಿಗೋ ಸಮೀಕ್ಷೆಗೋ ಹಳ್ಳಿಗೆ ಹೋದಾಗ ನೋಟ್‌ಪುಸ್ತಕದ ಪುಟದ ನಡುವೆ ಗೆರೆ ಎಳೆಯಿರಿ. ಎಡಗಡೆ ಕಂಡದ್ದು ಮತ್ತು ಕೇಳಿದ್ದು. ಬಲಗಡೆ ನಿಮಗೆ ತೋಚಿದ ತೀರ್ಪು. ‘ಜನರಿಗೆ ಅರಿವಿಲ್ಲ’ ಎಂಬ ವಾಕ್ಯ ಎಡಗಡೆಗೆ ಬರಲಾರದು. ದಿನದ ಕೊನೆಗೆ ಬಲಗಡೆಯ ಒಂದೊಂದು ತೀರ್ಪಿನ ಎದುರು ಆ ಮನೆಯವರ ಅಗತ್ಯವೇನಿರಬಹುದು ಎಂದು ಬರೆಯಿರಿ. ಮರುದಿನ ಅವರನ್ನೇ ಕೇಳಿ ಸರಿಪಡಿಸಿಕೊಳ್ಳಿರಿ.

ಎರಡು, ಗ್ರಾಮಸಭೆಗೆ ಹೋಗುವ ಹಿರಿಯರಲ್ಲಿ. ಕಾರ್ಲ್ ರೋಜರ್ಸ್ 1951ರಲ್ಲಿ ಒಂದು ಸರಳ ನಿಯಮವನ್ನು ಸೂಚಿಸಿದರು: ವಾದಕ್ಕಿಳಿದವರು, ಎದುರಿನವರ ವಿಚಾರವನ್ನೂ ಭಾವನೆಯನ್ನೂ ಅವರು ಒಪ್ಪುವಂತೆ ಮೊದಲು ತಮ್ಮ ಮಾತಿನಲ್ಲಿ ಹೇಳಬೇಕು, ಅನಂತರವೇ ತಮ್ಮ ವಾದವನ್ನು ಮಂಡಿಸಬೇಕು. ಎದುರಿನವರು ‘ಹೌದು, ನಾನು ಹೇಳಿದ್ದು ಅದನ್ನೇ’ ಎನ್ನುವವರೆಗೆ ಉತ್ತರಿಸುವಂತಿಲ್ಲ. ಮುಂದಿನ ಗ್ರಾಮಸಭೆಯಲ್ಲಿ ಒಂದೇ ಒಂದು ವಿಷಯಕ್ಕೆ ಈ ನಿಯಮವನ್ನು ಪ್ರಯೋಗಿಸಿ ನೋಡಿರಿ. ಸಭೆ ಅರ್ಧ ಗಂಟೆ ಹೆಚ್ಚು ನಡೆದೀತು. ಊರು ಎರಡು ಪಾಲಾಗುವುದು ತಪ್ಪೀತು.

ಮೂರು, ನಮ್ಮ ಚಳವಳಿಯ ಸಂಗಾತಿಗಳಲ್ಲಿ. ಕರಪತ್ರವನ್ನೋ ಮನವಿಯನ್ನೋ ಅಚ್ಚಿಗೆ ಕೊಡುವ ಮೊದಲು, ಅದು ಯಾರನ್ನು ವಿರೋಧಿಸುತ್ತದೆಯೋ ಅವರ ಸ್ಥಾನದಲ್ಲಿ ನಿಂತು ಒಮ್ಮೆ ಓದಿರಿ. ಅಂಕಿಅಂಶಗಳಲ್ಲಿ ಒಂದನ್ನೂ ಬಿಡಬೇಡಿರಿ. ವಿಶೇಷಣಗಳಲ್ಲಿ ಎಷ್ಟು ಉಳಿಯಬೇಕೆಂದು ಮಾತ್ರ ಯೋಚಿಸಿರಿ.

ಊಟ ಬಲ್ಲವನಿಗೆ ರೋಗವಿಲ್ಲ, ಮಾತು ಬಲ್ಲವನಿಗೆ ಜಗಳವಿಲ್ಲ ಎಂದು ನಮ್ಮ ಹಿರಿಯರು 1951ಕ್ಕೂ ಎಷ್ಟೋ ಹಿಂದೆ ಹೇಳಿಟ್ಟಿದ್ದಾರೆ. ಗುಡ್ಡಗಾಡಿನಲ್ಲಿ ಮನೆಗಳು ದೂರ ದೂರ. ಕಷ್ಟ ಬಂದಾಗ ಕೂಗಿದರೆ ಕೇಳಿಸುವುದು ಒಂದೆರಡು ಮನೆಗಳಿಗೆ ಮಾತ್ರ. ಆ ಮನೆಗಳೊಡನೆ ನಮ್ಮ ಮಾತು ಉಳಿದಿರಬೇಕು. ಘಟ್ಟದ ಭವಿಷ್ಯವನ್ನು ದೆಹಲಿಯ ಅಧಿಸೂಚನೆ ಎಷ್ಟು ನಿರ್ಧರಿಸುತ್ತದೆಯೋ, ಆ ಎರಡು ಮನೆಗಳ ನಡುವಿನ ಮಾತೂ ಅಷ್ಟೇ ನಿರ್ಧರಿಸುತ್ತದೆ ಎಂದು ನಾನು ನಂಬಿದ್ದೇನೆ.

ಈಗ ನಾನು ಕೇಳುವ ಸರದಿ. ತಮ್ಮ ಮಾತುಗಳಿಗಾಗಿ ಕಾದಿದ್ದೇನೆ.